ಚೈನು ತೊಳೆದ ಭಾನುವಾರ

ಚಿಂತಾಮಣಿಯಲ್ಲಿದ್ದಾಗ ಒಂದು ಭಾನುವಾರ ಬೈಕಿನ ಚೈನನ್ನು ನಾನೇ ತೊಳೆಯಲು ಕೂತೆ. ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಚಾಲೂ ಮಾಡಿ ಗೇರಿಗೆ ಹಾಕಿದೆ. ಚಕ್ರ ತಾನೇ ತಿರುಗುತ್ತದೆ, ನಾನು ಹಳೇ ಬನಿಯನ್ ಹಿಡಿದರೆ ಸಾಕು ಅಂದುಕೊಂಡೆ. ಚೈನು ಬನಿಯನ್ನನ್ನು ಸರಕ್ಕನೆ ಎಳೆದುಕೊಂಡಿತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಹೆಂಡತಿ ಓಡಿಬಂದು ಬೈಕ್ ಆಫ್ ಮಾಡಿದಳು.

"ಬೆರಳು ಎಣಿಸಿ."

"ಹತ್ತೂ ಇವೆ ಕಣೇ."

"ಇನ್ನು ಚಕ್ರ ಕೈಯಲ್ಲೇ ತಿರುಗಿಸಿ," ಎಂದವಳು ಕೀಯನ್ನು ಬ್ಯಾಗಿಗೆ ಹಾಕಿಕೊಂಡು ಕೆಂಚಾರ್ಲಹಳ್ಳಿಯ ತವರಿಗೆ ಬಸ್ಸು ಹತ್ತಿದಳು.

ಗೇರು ನ್ಯೂಟ್ರಲ್‌ಗೆ ತಂದು ಬನಿಯನ್ ಬಿಡಿಸಿ, ಚಕ್ರ ಕೈಯಲ್ಲೇ ತಿರುಗಿಸುತ್ತಾ ಸೀಮೆಎಣ್ಣೆಯಲ್ಲಿ ಉಜ್ಜಿದೆ. ಚೈನು ಹೊಸದರಂತೆ ಹೊಳೆಯಿತು. ಒಂದು ರೌಂಡ್ ಹೋಗೋಣವೆಂದರೆ ಕೀ ಇಲ್ಲ. ಫೋನ್ ಮಾಡಿದೆ.

"ಸಂಜೆ ಬರ್ತೀನಿ. ಅಲ್ಲಿವರೆಗೂ ನೋಡ್ತಾ ಕೂತಿರಿ," ಅಂದಳು.

ಹಾಗೇ ಕೂತಿದ್ದೆ. ಪಕ್ಕದ ಮನೆಯವರು ಬಂದು, "ಬೈಕ್ ಮಾರ್ತಿದ್ದೀರಾ ಸಾರ್?" ಅಂತ ಕೇಳಿದರು.