ಮಿಕ್ಕ ಎರಡು ಗಂಟೆ

ಹತ್ತಾರು ಹೋಟೆಲುಗಳ ಬೆಡ್‌ಶೀಟುಗಳೆಲ್ಲ ಬಂದು ಬೀಳುವ ಆ ದೊಡ್ಡ ಲಾಂಡ್ರಿಯಲ್ಲಿ ಇಬ್ಬರು ಹೆಂಗಸರಿದ್ದರು. ಒಬ್ಬಳು ದೊಡ್ಡಕ್ಕ, ಇನ್ನೊಬ್ಬಳು ಸಣ್ಣಕ್ಕ. ಆ ಹೆಸರು ಬಂದದ್ದು ವಯಸ್ಸಿನಿಂದಲ್ಲ, ಎತ್ತರದಿಂದ. ವಯಸ್ಸಿನಲ್ಲಿ ಸಣ್ಣಕ್ಕನೇ ಹಿರಿಯಳು. ಆದರೆ ಅಳತೆ ನೋಡಿ ಹೆಸರಿಡುವ ಜನಕ್ಕೆ ಅದನ್ನು ತಿಳಿಹೇಳುವವರು ಯಾರು? ವಾರಕ್ಕೆ ಮೂರು ದಿನ, ಬೆಳಿಗ್ಗೆ ಎಂಟರಿಂದ ಹನ್ನೆರಡರವರೆಗೆ, ಒಣಗಿದ ಶೀಟುಗಳನ್ನು ಮಡಿಸುವುದು ಇಬ್ಬರ ಕೆಲಸ.

ದೊಡ್ಡ ಶೀಟನ್ನು ಒಬ್ಬರೇ ಮಡಿಸಲು ಹೋದರೆ ಅದು ಮುದ್ದೆಯಾಗುತ್ತದೆ. ಇಬ್ಬರು ಎದುರುಬದುರು ನಿಂತು, ಎರಡೆರಡು ತುದಿ ಹಿಡಿದು, ಒಮ್ಮೆ ಜೋರಾಗಿ ಒದರಿ, ತುದಿಗೆ ತುದಿ ಸೇರಿಸಿ ಒಬ್ಬರ ಕಡೆಗೊಬ್ಬರು ನಡೆದು ಬರಬೇಕು. ಕೊನೆಗೆ ದೊಡ್ಡಕ್ಕ ತನ್ನ ತುದಿಗಳನ್ನು ಸಣ್ಣಕ್ಕನ ಕೈಗೆ ಕೊಡುವಳು. ಆಗ ಇಬ್ಬರ ಬೆರಳೂ ತಾಕುತ್ತಿದ್ದವು. ಸಣ್ಣಕ್ಕನಿಗೆ ಇನ್ನೊಬ್ಬರ ಕೈ ತಾಕುತ್ತಿದ್ದುದು ಅಲ್ಲಿ ಮಾತ್ರ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಬಾಯಿಬಿಟ್ಟು ಹೇಳುವಂಥದ್ದೂ ಅಲ್ಲ.

ಮೊದಲು ಅವಳದು ಪೂರಾ ದಿನದ ಕೆಲಸ. ಗಂಡ ಹಾಸಿಗೆ ಹಿಡಿದಾಗ ತಾನಾಗಿಯೇ ಕೇಳಿಕೊಂಡು ವಾರಕ್ಕೆ ಮೂರು ಅರ್ಧ ದಿನಕ್ಕೆ ಇಳಿದಳು. ಆಮೇಲೆ ಅವನು ಹೋದ. ಅಷ್ಟರಲ್ಲಿ ಪೂರಾ ದಿನದ ಕೆಲಸ ಬೇರೆಯವರ ಪಾಲಾಗಿತ್ತು. ಅವನಿಗೆಂದು ಉಳಿಸಿಕೊಂಡಿದ್ದ ಹೊತ್ತೆಲ್ಲ ಹಾಗೇ ಉಳಿಯಿತು. ಮಕ್ಕಳಿಲ್ಲ. ಒಂದು ಕೋಣೆ, ಒಂದು ಅಡುಗೆಮನೆ, ಗೋಡೆಯಾಚೆ ಪಕ್ಕದವರ ಟೀವಿಯ ಸದ್ದು.

ದೊಡ್ಡಕ್ಕನ ಮನೆ ತದ್ವಿರುದ್ಧ. ಮಗ, ಸೊಸೆ, ಮೂವರು ಮೊಮ್ಮಕ್ಕಳು. "ಮನೇಲಿ ಕಾಲಿಡೋಕೆ ಜಾಗ ಇಲ್ಲ ಕಣಕ್ಕ" ಎನ್ನುತ್ತಿದ್ದಳು. ಸಣ್ಣಕ್ಕ ನಕ್ಕು ತಲೆಯಾಡಿಸುತ್ತಿದ್ದಳು. ಒಳಗೊಳಗೇ ಹೊಟ್ಟೆಕಿಚ್ಚು.

ಹೀಗಿರುವಾಗ ಲಾಂಡ್ರಿಗೆ ಹೊಸ ಗುಮಾಸ್ತರು ಬಂದರು. ಅಲ್ಲಿಯವರೆಗೆ ಅರ್ಧ ದಿನದವರಿಗೆ ರಜೆ ಎಂಬುದೇ ಇರಲಿಲ್ಲ. ಬಂದರೆ ಸಂಬಳ, ಬಾರದಿದ್ದರೆ ಇಲ್ಲ. ಇದು ಅನ್ಯಾಯ ಎಂದು ಗುಮಾಸ್ತರು ಮೇಲಿನವರೊಂದಿಗೆ ಹಟ ಹಿಡಿದು ಗೆದ್ದು, ಒಬ್ಬೊಬ್ಬರನ್ನೇ ಕರೆಸಿ ಲೆಕ್ಕ ಹೇಳತೊಡಗಿದರು. ಉಳಿದವರಿಗೆಲ್ಲ ಹಾಲು ಕುಡಿದಷ್ಟು ಸಂತೋಷ. ಸಣ್ಣಕ್ಕನ ಸರದಿಯೂ ಬಂತು.

"ಪೂರಾ ದಿನದವರಿಗೆ ವರ್ಷಕ್ಕೆ ಹತ್ತೊಂಬತ್ತು ದಿನ ರಜೆ. ಅವರು ವಾರಕ್ಕೆ ಆರು ದಿನ ಮಾಡೋ ಕೆಲಸದಲ್ಲಿ ನಿಮ್ಮದು ಕಾಲು ಭಾಗ. ದಿನದ ಲೆಕ್ಕ ಹಾಕಿದ್ರೆ ಎಡವಟ್ಟಾಗುತ್ತೆ, ಅವರ ದಿನ ಎಂಟು ಗಂಟೆ, ನಿಮ್ಮ ದಿನ ನಾಲ್ಕು. ಅದಕ್ಕೇ ಗಂಟೆ ಲೆಕ್ಕ ಹಾಕಿದೀನಿ. ನಿಮಗೆ ಮೂವತ್ತೆಂಟು ಗಂಟೆ ಬರುತ್ತೆ. ಅಂದ್ರೆ ನಿಮ್ಮ ಒಂಬತ್ತು ದಿನ, ಸರಿಯಾಗಿ ಮೂರು ವಾರ. ಮೇಲೆ ಎರಡು ಗಂಟೆ ಮಿಗುತ್ತೆ."

"ನನಗೆ ಬೇಡ ಸಾರ್."

"ಬೇಡ ಅನ್ನೋ ಹಾಗಿಲ್ಲಮ್ಮ. ಸಂಬಳ ಕೊಟ್ಟೇ ರಜೆ. ವರ್ಷ ಮುಗಿಯೋದ್ರೊಳಗೆ ತಗೊಳ್ಳಲೇಬೇಕು, ಇಲ್ದಿದ್ರೆ ಮೇಲಿನವರು ನನ್ನ ಜುಟ್ಟು ಹಿಡೀತಾರೆ." ಅವರ ತಲೆಯಲ್ಲಿ ಹಿಡಿಯುವಷ್ಟು ಕೂದಲಿರಲಿಲ್ಲ, ಆ ಮಾತು ಬೇರೆ.

ಸಣ್ಣಕ್ಕ ಯೋಚಿಸಿದಳು. ಅವಳಿಗೊಂದು ಉಪಾಯ ಹೊಳೆಯಿತು.

"ಹಾಗಾದ್ರೆ ಮಂಗಳವಾರ, ಗುರುವಾರಕ್ಕೆ ಹಾಕ್ಬಿಡಿ ಸಾರ್. ಆ ದಿನ ನಾನು ಹೇಗೂ ಬರಲ್ಲ."

ಗುಮಾಸ್ತರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆ ದಿನ ನಿಮಗೆ ಕೆಲಸ ಇಲ್ಲಮ್ಮ. ಕೆಲಸ ಇಲ್ದೆ ಇರೋದು ಬೇರೆ, ರಜೆ ಬೇರೆ."

"ನನಗೆ ಎರಡೂ ಒಂದೇ ಸಾರ್."

ಅವರು ನಗೆಚಾಟಿಕೆ ಎಂದುಕೊಂಡರು. ಕೆಟ್ಟ ಮನುಷ್ಯರಲ್ಲ, ಒಳ್ಳೆಯದು ಮಾಡಿದ ಗೆಲುವಿನಲ್ಲಿದ್ದರು, ಅಷ್ಟೆ. ಜೋಡಿಯವರು ಒಟ್ಟಿಗೆ ಹೋಗುವಂತಿಲ್ಲವಾದ್ದರಿಂದ ಮೊದಲ ಮೂರು ವಾರ ಸಣ್ಣಕ್ಕನಿಗೆ, ಆಮೇಲಿನ ಮೂರು ವಾರ ದೊಡ್ಡಕ್ಕನಿಗೆ ಎಂದು ಬರೆದರು. ಮಿಕ್ಕ ಎರಡು ಗಂಟೆಯನ್ನು ಬೇಕಾದಾಗ ತೆಗೆದುಕೊಳ್ಳಬಹುದೆಂದರು. ಸಣ್ಣಕ್ಕ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಒಂದೂವರೆ ತಿಂಗಳು ದೊಡ್ಡಕ್ಕನ ಮುಖ ನೋಡುವಂತಿಲ್ಲ ಎಂಬುದೊಂದೇ ಅವಳಿಗೆ ಅರ್ಥವಾದದ್ದು.

ರಜೆಯ ಮೊದಲ ದಿನ ಪಾತ್ರೆಗಳನ್ನೆಲ್ಲ ಇಳಿಸಿ ಬೆಳಗಿದಳು. ಎರಡನೆಯ ದಿನ ತನ್ನ ಹಾಸಿಗೆಯ ಬೆಡ್‌ಶೀಟು ಒಗೆದಳು. ಒಣಗಿದ ಮೇಲೆ ಎರಡು ತುದಿ ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಮಡಿಸಲು ನೋಡಿದಳು. ಚಿಲಕ ಎದುರು ನಡೆದು ಬರುವುದಿಲ್ಲವಲ್ಲ. ಶೀಟನ್ನು ಹಾಗೇ ಸುತ್ತಿ ಕುರ್ಚಿಯ ಮೇಲೆ ಹಾಕಿ ಬಹಳ ಹೊತ್ತು ಅತ್ತಳು. ಗಂಡ ಹೋದಾಗ ಮನೆ ತುಂಬ ಜನವಿದ್ದರು, ಅಳಲು ಇಷ್ಟು ಪುರುಸೊತ್ತು ಸಿಕ್ಕಿರಲಿಲ್ಲ.

ಮುಂದಿನ ವಾರ ಬಸ್ಸು ಹತ್ತಿ ಲಾಂಡ್ರಿಯ ಗೇಟಿನವರೆಗೂ ಹೋದಳು. "ಏನಕ್ಕ, ರಜೆ ಅಂತ ಮರೆತುಹೋಯ್ತಾ?" ಎಂದು ಕಾವಲುಗಾರ ನಕ್ಕ. "ಈ ಕಡೆ ಸ್ವಲ್ಪ ಕೆಲಸ ಇತ್ತು" ಎಂದು ಹೇಳಿ, ಇಲ್ಲದ ಕೆಲಸದ ಕಡೆಗೆ ಬಿರಬಿರನೆ ನಡೆದುಬಿಟ್ಟಳು. ನಾಚಿಕೆಯಿಂದ ಮತ್ತೆ ಆ ಕಡೆ ತಲೆಹಾಕಲಿಲ್ಲ.

ರಜೆ ಮುಗಿಸಿ ಬಂದಾಗ ದೊಡ್ಡಕ್ಕನ ಜಾಗದಲ್ಲಿ ಇಸ್ತ್ರಿ ಕಡೆಯವಳೊಬ್ಬಳು ನಿಂತಿದ್ದಳು. ಕೆಲಸದಲ್ಲಿ ಚುರುಕೇ. ಆದರೆ ತುದಿಗಳನ್ನು ಕೈಗೆ ಕೊಡುತ್ತಿರಲಿಲ್ಲ, ದೂರದಿಂದಲೇ ಎಸೆಯುತ್ತಿದ್ದಳು. ದೊಡ್ಡಕ್ಕ ಈಗ ಮೊಮ್ಮಕ್ಕಳನ್ನು ಸುತ್ತ ಕೂರಿಸಿಕೊಂಡು ಮಜವಾಗಿರುತ್ತಾಳೆ ಎಂದು ಸಣ್ಣಕ್ಕ ಲೆಕ್ಕ ಹಾಕಿದಳು. ತನ್ನ ನೆನಪಾದರೂ ಯಾಕೆ ಬರುತ್ತದೆ?

ಎರಡನೆಯ ವಾರದ ಒಂದು ದಿನ, ಹತ್ತು ಗಂಟೆಯ ಟೀ ಹೊತ್ತಿನಲ್ಲಿ, ಅವಳು ಮಹಡಿಯ ಕಿಟಕಿಯಿಂದ ಹೊರಗೆ ನೋಡಿದಳು. ರಸ್ತೆಯಾಚೆಯ ಬಸ್ ಸ್ಟಾಪಿನ ಬೆಂಚಿನ ಮೇಲೆ ಒಬ್ಬಳು ಹೆಂಗಸು ಕೂತಿದ್ದಳು. ಕೂತರೂ ಪಕ್ಕದಲ್ಲಿ ನಿಂತವನ ಭುಜಕ್ಕೆ ಬರುವಷ್ಟು ಎತ್ತರ. ಒಂದು ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದಕ್ಕೂ ಏಳಲಿಲ್ಲ. ಪಕ್ಕದಲ್ಲಿ ದಿನಾ ಕೆಲಸಕ್ಕೆ ತರುತ್ತಿದ್ದ ಅದೇ ಊಟದ ಡಬ್ಬಿ.

ಸಣ್ಣಕ್ಕ ಟೀ ಲೋಟ ಕಿಟಕಿಯಲ್ಲೇ ಬಿಟ್ಟು ಗುಮಾಸ್ತರ ಕೋಣೆಗೆ ಹೋದಳು.

"ಸಾರ್, ನನ್ನ ಎರಡು ಗಂಟೆ ಇದೆಯಲ್ಲ, ಅದು ಈಗ ಬೇಕು."

"ಈಗಲೇನಮ್ಮ? ಏನಾಯ್ತು, ಮೈಗೆ ಹುಷಾರಿಲ್ವಾ?"

"ಚೆನ್ನಾಗಿದೀನಿ."

"ಮತ್ತೆ ಕಾರಣ ಏನು ಅಂತ ಬರೀಲಿ?"

"ರಜೆ ಅಂತ ಬರೀರಿ ಸಾರ್."

ಗುಮಾಸ್ತರು ಅವಳ ಮುಖ ನೋಡಿದರು. ಮತ್ತೇನೂ ಕೇಳದೆ ಬರೆದುಕೊಂಡರು.

ಅವಳು ರಸ್ತೆ ದಾಟಿ ಬರುವುದನ್ನು ಕಂಡು ದೊಡ್ಡಕ್ಕ ಮೊದಲು ಮುಖ ತಿರುಗಿಸಿದಳು. ಆದರೆ ಅಷ್ಟೆತ್ತರದ ಹೆಂಗಸು ಎಲ್ಲಿ ಅಡಗಿಯಾಳು?

"ಮನೇಲಿ ರಜೆ ಅಂತ ಹೇಳೇ ಇಲ್ಲ ಕಣಕ್ಕ" ಎಂದಳು, ಡಬ್ಬಿಯನ್ನೇ ನೋಡುತ್ತ. "ಹೇಳಿದ್ರೆ ಅಲ್ಲೇ ಇರಬೇಕಾಗುತ್ತೆ. ಮನೆ ತುಂಬ ಜನ ಇದಾರೆ, ನಿಜ. ನನ್ನ ಹತ್ರ ಮಾತಾಡೋರು ಒಬ್ಬರೂ ಇಲ್ಲ. ಅದಕ್ಕೇ ಡಬ್ಬಿ ಹಿಡ್ಕೊಂಡು ಇಲ್ಲಿಗೆ ಬಂದು ಕೂರ್ತೀನಿ." ಆಮೇಲೆ ತಲೆಯೆತ್ತಿ ಕೇಳಿದಳು, "ನೀನ್ಯಾಕೆ ಬಂದೆ? ಕೆಲಸ ಇಲ್ವಾ?"

"ಇದೆ. ರಜೆ ತಗೊಂಡೆ."

"ಎಷ್ಟು ಹೊತ್ತು?"

"ಎರಡು ಗಂಟೆ."

ದೊಡ್ಡಕ್ಕ ಡಬ್ಬಿಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು, ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.