ಸೈಕಲ್ ದಾರಿಗೆ ಸಾವಂತ್ರೆವ್ವನ ಕಾವಲು

ಬೆಳಗಿನ ಆರು ಗಂಟೆ. ಮೊರಬದ ಹೈಸ್ಕೂಲ್ ರಸ್ತೆಯಲ್ಲಿ ಇನ್ನೂ ಟ್ರ್ಯಾಕ್ಟರ್ ಸದ್ದಿಲ್ಲ. ಹೊಸ ಡಾಂಬರಿನ ಮೇಲೆ ಮೊಣಕಾಲೂರಿ ಕುಳಿತ ಸಾವಂತ್ರೆವ್ವ ತಗಡಿನ ಅಚ್ಚನ್ನು ಎರಡೂ ಕೈಯಿಂದ ಅದುಮಿ ಹಿಡಿದಿದ್ದಾರೆ. ಜೊತೆಗಾತಿ ರಾಜಮಾಬಿ ಅದರ ಮೇಲೆ ಬಿಳಿ ಬಣ್ಣದ ರೋಲರ್ ಎಳೆಯುತ್ತಾರೆ. ಅಚ್ಚು ಎತ್ತಿದರೆ ನೆಲದ ಮೇಲೊಂದು ಸೈಕಲ್ಲು. ಅದನ್ನು ನೋಡಿ ಖುಷಿಪಡಲು ಸಾವಂತ್ರೆವ್ವನಿಗೆ ಪುರುಸೊತ್ತಿಲ್ಲ. ಒಮ್ಮೆ ಮುಗಿಲು ನೋಡುತ್ತಾರೆ, ಒಮ್ಮೆ ಊರ ಕಡೆ ತಿರುಗುತ್ತಾರೆ.

"ಮಳಿ ಬಂದ್ರ ಬಣ್ಣ ಹೊಕ್ಕೈತ್ರಿ. ಬರಲಿಲ್ಲಂದ್ರ ಇಲ್ಲೇ ಹೆಸರುಕಾಯಿ ಒಣಹಾಕಾಕ ಮಂದಿ ಬರ್ತಾರ. ಜೀವ ಪುಕುಪುಕು ಅನ್ನಾಕತ್ತೈತಿ."

ರಸ್ತೆಗೆ ಹೊಸ ಡಾಂಬರು ಹಾಕುವಾಗ, ಶಾಲೆಗೆ ಹೋಗುವ ಮಕ್ಕಳಿಗಾಗಿ ಒಂದು ಬದಿಗೆ ಐದಡಿ ಅಗಲದ ಸೈಕಲ್ ದಾರಿ ಬಿಡುವುದೆಂದು ತೀರ್ಮಾನವಾಗಿತ್ತು. ಹುರಿ ಹಿಡಿದು, ಸುಣ್ಣದ ಗುರುತು ಹಾಕಿ, ಎರಡು ಕಿಲೋಮೀಟರ್ ಬಿಳಿ ಗೆರೆ ಎಳೆದ ತಂಡದಲ್ಲಿ ಸಾವಂತ್ರೆವ್ವನೂ ಇದ್ದರು. ಸೈಕಲ್ ಚಿತ್ರ ಆಮೇಲೆ ನೋಡೋಣ ಎಂದು ಗುತ್ತಿಗೆದಾರ ಬಣ್ಣದ ಡಬ್ಬಿ ಸಹಿತ ಬೇರೆ ಊರಿಗೆ ಹೋದ. ಮರುದಿನವೇ ರೈತ ಶಂಕ್ರಪ್ಪ ಗೆರೆಯೊಳಗೆ ಹೆಸರುಕಾಯಿ ಹರವಿಬಿಟ್ಟರು. ಸುಗ್ಗಿ ಬಂದರೆ ಡಾಂಬರು ರಸ್ತೆಯೇ ಕಣವಾಗುವ ಸೀಮೆ ಇದು. ಸರಕಾರ ಕೊನೆಗೂ ಅಳತೆ ಮಾಡಿ ಕಣ ಕೊಟ್ಟಿತೆಂದೇ ಅವರು ನಂಬಿದ್ದರು. ಅವರನ್ನು ನೋಡಿ ಇನ್ನೂ ಒಂಬತ್ತು ಮನೆಯವರು ತಮ್ಮ ತಮ್ಮ ಪಾಲು ಹಿಡಿದು, ಬೆಳಿಗ್ಗೆ ಹರವಿ ಸಂಜೆ ತುಂಬಿಕೊಂಡು ಹೋಗತೊಡಗಿದರು. ಊರಿನಲ್ಲಿ ಜಗಳವಿಲ್ಲದೆ ಜಾಗ ಹಂಚಿಕೆಯಾದದ್ದು ಅದೇ ಮೊದಲಿರಬೇಕು.

ಎಂಟು ದಿನದ ಹಿಂದೆ ಆ ಕಾಯಿಯ ಮೇಲೆ ಸೈಕಲ್ ಜಾರಿ ಬಿದ್ದವಳು ಸಾವಂತ್ರೆವ್ವನ ಮಗಳು, ಒಂಬತ್ತನೆಯ ತರಗತಿಯ ಸುವರ್ಣಾ. ಬಿದ್ದದ್ದು ಗೆರೆಯಾಚೆ, ಟ್ರ್ಯಾಕ್ಟರಿನ ಮುಂದೆ. ಗಾಲಿ ಒಂದು ಮೊಳ ದೂರದಲ್ಲಿ ನಿಂತಿತು. ಮೊಣಕಾಲಿನ ಗಾಯ ಮಾಯಿತು, ಆದರೆ ಸುವರ್ಣಾ ಸೈಕಲ್ ಮುಟ್ಟಲಿಲ್ಲ. ಇವತ್ತು ಮತ್ತೆ ಹತ್ತುತ್ತೇನೆ ಎಂದಿದ್ದಾಳೆ.

"ಆ ಗೆರಿ ಎಳದಾಕಿ ನಾನ. ಚಿತ್ರ ಇಲ್ಲದ ಖಾಲಿ ಗೆರಿ ಬಿಟ್ಟು ಮನಿಗೆ ಬಂದಾಕಿನೂ ನಾನ," ಎನ್ನುತ್ತ ಅಚ್ಚನ್ನು ಮುಂದಿನ ಜಾಗಕ್ಕೆ ಎತ್ತಿಡುತ್ತಾರೆ.

ಗಂಡ ಮಾಳಿಂಗರಾಯ ಕುರಿ ಹಿಂಡಿನ ಜೊತೆ ತಿಂಗಳುಗಟ್ಟಲೆ ಊರು ಬಿಟ್ಟಿರುತ್ತಾರೆ. ಸಾವಂತ್ರೆವ್ವ ಎಂಟು ವರ್ಷದಿಂದ ರಸ್ತೆ ಕೆಲಸದಲ್ಲಿದ್ದಾರೆ. ಕುಂದಗೋಳ, ಅಣ್ಣಿಗೇರಿ, ಕಲಘಟಗಿ ಎಲ್ಲ ಕಡೆಯ ರಸ್ತೆಗೂ ಖಡಿ ಕಲ್ಲು ಹೊತ್ತಿದ್ದಾರೆ. ಬಲಗಾಲಿನ ಮೇಲೆ ಬಿಸಿ ಡಾಂಬರು ಸಿಡಿದ ಕಲೆ ಇನ್ನೂ ಕಪ್ಪಗಿದೆ. ಆ ನೋವಿನ ಮಾತು ತೆಗೆದರೆ ಕೈಬೀಸಿ ತಳ್ಳಿಹಾಕುತ್ತಾರೆ. ಮಗಳು ಬಿದ್ದ ಮೇಲೆ ಮಾತ್ರ ಆರು ದಿನ ಬಿಡದೆ ಗುತ್ತಿಗೆದಾರನಿಗೆ ಫೋನು ಮಾಡಿದ್ದಾರೆ. ಬೇಸತ್ತು ಅವನು ಅಚ್ಚು, ಎರಡು ಡಬ್ಬಿ ಬಣ್ಣ ಕಳಿಸಿದ್ದಾನೆ. ಮಧ್ಯಾಹ್ನ ಎಲ್ಲವೂ ವಾಪಸು ಹೋಗಬೇಕು. ನೂರು ಮೀಟರಿಗೊಂದರಂತೆ ಇಪ್ಪತ್ತು ಚಿತ್ರ ಆಗಬೇಕು.

ಹದಿಮೂರನೆಯದು ಮುಗಿಯುವಷ್ಟರಲ್ಲಿ ಶಂಕ್ರಪ್ಪನ ಟ್ರ್ಯಾಕ್ಟರು ಬಂದೇಬಿಟ್ಟಿತು, ಟ್ರೇಲರಿನ ತುಂಬ ಹೆಸರುಕಾಯಿ.

"ಕಾಕಾ, ಇಲ್ಲಿ ಬ್ಯಾಡ್ರಿ. ಪಂಚಾಯ್ತಿ ಹಿಂದಿನ ಫರಸಿ ಕಲ್ಲಿನ ಅಂಗಳ ಕೇಳೇನ್ರಿ, ಹೂಂ ಅಂದಾರ. ಮಧ್ಯಾಹ್ನ ನಾನೂ ರಾಜಮಾಬೀನೂ ಬಂದು ಹರವಿ ಕೊಡ್ತೀವ್ರಿ."

ಶಂಕ್ರಪ್ಪ ಕೆಳಗಿಳಿದು, ಹಸಿ ಸೈಕಲ್ ಚಿತ್ರವನ್ನು ಸುತ್ತು ಹಾಕಿ ನೋಡಿದರು.

"ಮದ್ಲ ಇದನ್ನ ಬರದಿದ್ರ ನಾ ಯಾಕ ಹಾಕ್ತಿದ್ನಿ ಬೇ? ಖಾಲಿ ಗೆರಿ ನೋಡಿ ಏನಂತ ತಿಳೀಬೇಕು?" ಎಂದು ಗೊಣಗಿ, ಟ್ರ್ಯಾಕ್ಟರಿನತ್ತ ಹೋಗುತ್ತ ಕೇಳಿದರು, "ಹುಡುಗಿ ಕಾಲು ಹ್ಯಾಂಗೈತಿ?"

ಉತ್ತರ ಕೇಳಿಕೊಂಡು ಟ್ರ್ಯಾಕ್ಟರ್ ತಿರುಗಿಸಿದರು. ಉಳಿದ ಮನೆಯವರಿಗೂ ತಾವೇ ಹೇಳುವುದಾಗಿ ಒಪ್ಪಿದರು.

ಒಂಬತ್ತೂಕಾಲಿಗೆ ಇಪ್ಪತ್ತನೆಯ ಚಿತ್ರ ಮುಗಿಯಿತು. ಆದರೆ ಮೋಡ ಕವಿದು ಶಾಲೆಯ ಹತ್ತಿರದ ನಾಲ್ಕು ಚಿತ್ರ ಒಣಗಿಲ್ಲ. ಅಷ್ಟರಲ್ಲಿ ದೂರದಲ್ಲಿ ಸೈಕಲ್ ಗಂಟೆ ಕೇಳಿಸಿತು. ಸೈಕಲ್ ಮೇಲೆ ಹುಡುಗಿಯರ ಸಾಲು, ಕೊನೆಗೆ ಸುವರ್ಣಾ. ಹಸಿ ಬಣ್ಣ ತುಳಿದರೆ ಚಿತ್ರ ಅಳಿಸುತ್ತದೆ, ಗೆರೆಯಾಚೆ ಹೋದರೆ ಎದುರಿಗೆ ಬಸ್ಸು, ಟ್ರ್ಯಾಕ್ಟರು. ಸಾವಂತ್ರೆವ್ವ ತಕ್ಷಣ ಕೆಲಸದ ಕೆಂಪು ಬಾವುಟ ಕಿತ್ತುಕೊಂಡು ರಸ್ತೆಯ ನಡುವಿಗೆ ಹೋಗಿ ನಿಂತರು.

"ಬರ್ರೆವಾ, ನನ್ನ ಬಾಜೂಲೆ ಬರ್ರಿ. ಇವತ್ತೊಂದ ದಿವ್ಸ ನಾನ ಗೆರಿ."

ಹುಡುಗಿಯರು ಆಕೆಯ ಎಡಕ್ಕೆ, ಟ್ರ್ಯಾಕ್ಟರುಗಳು ಬಲಕ್ಕೆ. ನಾನೂರು ಮೀಟರ್ ಉದ್ದಕ್ಕೂ ಬಾವುಟ ಚಾಚಿಕೊಂಡು ಓಡುನಡಿಗೆ. ಸುವರ್ಣಾಳ ಹ್ಯಾಂಡಲ್ ಅಲುಗಿದಾಗ "ನನ್ನ ನೋಡಬ್ಯಾಡ, ಮುಂದ ನೋಡು" ಎಂದು ಗದರಿಸುತ್ತಾರೆ. ಶಾಲೆಯ ಗೇಟು ದಾಟಿದ ಮೇಲೆಯೇ ಮಗಳು ನೆಲಕ್ಕೆ ಕಾಲೂರುತ್ತಾಳೆ.

ಸಾವಂತ್ರೆವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಏನಾದರೂ ಆಸೆ ಇದೆಯೇ ಎಂದರೆ ಒಣಗುತ್ತಿರುವ ಚಿತ್ರವನ್ನು ಬೆರಳಿನಿಂದ ಮುಟ್ಟಿ ನೋಡುತ್ತಾರೆ.

"ನಾಳೆ ಈ ಮಕ್ಕಳಿಗೆ ಇಲ್ಲಿ ನಾ ಬೇಕಾಗಬಾರ್ದ್ರಿ. ಅಷ್ಟಾದ್ರ ಸಾಕು."