ಗೌರಾಬಾಯಿ ಪರ್ವತಿ ಗುಡ್ಡ ಹತ್ತಿದ್ದು

ಗೌರಾಬಾಯಿಗೆ ಸಕ್ಕರೆ ಕಾಯಿಲೆ ಇದೆ ಎಂದು ತಿಳಿದ ದಿನದಿಂದ ಸೊಸೆ ಪ್ರೇಮಾವತಿ ಅವರಿಗೆ ಒಂದು ತಂಬಿಗೆ ನೀರು ಎತ್ತಲೂ ಬಿಡಲಿಲ್ಲ. ಧಾರವಾಡದಿಂದ ಬಂದು ಪುಣೆಯ ಸದಾಶಿವ ಪೇಠೆಯಲ್ಲಿ, ಒಂದೇ ಅಂಗಳದ ಸುತ್ತ ಹಲವು ಮನೆಗಳಿದ್ದ ವಾಡೆಯೊಂದರಲ್ಲಿ ನೆಲೆಸಿದ ಸಂಸಾರ ಅದು. ಗೌರಾಬಾಯಿಯ ಗಂಡ ಕೃಷ್ಣಾಜಿ ರೈಲ್ವೆ ಗುಮಾಸ್ತಿಕೆಯಿಂದ ಆಗಷ್ಟೇ ನಿವೃತ್ತರಾಗಿದ್ದರು. ೧೯೩೬ರ ಸುಮಾರಿನ ಮಾತು. ಬೀಸುತ್ತ, ಕುಟ್ಟುತ್ತ, ನೀರು ಸೇದುತ್ತ ಆಯುಷ್ಯ ಕಳೆದ ಹೆಂಗಸು ಈಗ ಕಿಟಕಿಯ ಬಳಿ ಬತ್ತಿ ಹೊಸೆಯುತ್ತ ಕೂತುಬಿಟ್ಟರು.

ಡಾಕ್ಟರ್ ಮಧುಕರರಾವ್ ಬೆಳಗಾವಿ ಕಡೆಯವರು. ಅವರ ಕಂಪೌಂಡರ್ ದಿನಾ ಬೆಳಿಗ್ಗೆ ಬಂದು ಇನ್ಸುಲಿನ್ ಸೂಜಿ ಚುಚ್ಚಿ ಹೋಗುತ್ತಿದ್ದ. ಅನ್ನ, ಬೆಲ್ಲ ಬಿಟ್ಟಾಗಿತ್ತು. ಆದರೂ ಮೂತ್ರವನ್ನು ಔಷಧದ ನೀಲಿ ನೀರಿನಲ್ಲಿ ಕಾಸಿದರೆ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತಿತ್ತು; ಸಕ್ಕರೆ ಇನ್ನೂ ಇಳಿದಿಲ್ಲ ಎಂಬುದರ ಗುರುತು ಅದು.

“ಬಾಯೇರ, ದಿನಾ ಏನೇನ್ ಕೆಲಸಾ ಮಾಡ್ತೀರಿ?” ಎಂದು ಡಾಕ್ಟರು ಒಮ್ಮೆ ಕೇಳಿದರು.

“ಏನ್ ಮಾಡ್ಲಿರೀ? ಕಸಾ ಹೊಡೀಲಿಕ್ಕೂ ಬಿಡೂದಿಲ್ಲ ನಮ್ಮ ಸೊಸಿ.”

“ಅಲ್ಲೇ ತಪ್ಪಾತು ನೋಡ್ರಿ. ಮೈ ದುಡದ್ರ ರಕ್ತದಾಗಿನ ಸಕ್ರಿ ಖರ್ಚಾಗ್ತದ. ದಿನಾ ನಡೀರಿ. ನಡೀವಾಗ ಕೈ ನಡುಗಿ ಬೆವರು ಬಂದ್ರ ಮಾತ್ರ ಚೂರು ಸಕ್ರಿ ಬಾಯಾಗ ಹಾಕ್ಕೋರಿ.”

ಬಾಗಿಲಲ್ಲಿ ನಿಂತಿದ್ದ ಪ್ರೇಮಾವತಿಯ ಮುಖ ಸಣ್ಣದಾಯಿತು.

ಆದರೆ ಮನೆತನಸ್ಥ ಹೆಂಗಸು ಕೆಲಸವಿಲ್ಲದೆ ಬೀದಿಯಲ್ಲಿ ಅಡ್ಡಾಡುವುದು ಹೇಗೆ? ಕೃಷ್ಣಾಜಿಯೇ ಉಪಾಯ ಹುಡುಕಿದರು. ಪರ್ವತಿ ಗುಡ್ಡದ ಮೇಲೆ ದೇವಸ್ಥಾನವಿತ್ತು. ದೇವರ ದರ್ಶನಕ್ಕೆ ಹೋಗುವವರನ್ನು ಯಾರು ಕೇಳುತ್ತಾರೆ? ಮೊದಮೊದಲು ಗಂಡ ಮುಂದೆ, ಹೆಂಡತಿ ಹಿಂದೆ. ಅರ್ಧ ದಾರಿಗೇ ಮೆಟ್ಟಿಲ ಮೇಲೆ ಗೌರಾಬಾಯಿ ಕೂತುಬಿಡುತ್ತಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಇಬ್ಬರೂ ಜೊತೆಯಾಗಿ, ಮಾತಾಡುತ್ತ ಹತ್ತತೊಡಗಿದರು. ಮದುವೆಯಾದಾಗಿನಿಂದ ಅಷ್ಟು ಹೊತ್ತು ಅವರಿಬ್ಬರೇ ಇದ್ದದ್ದೇ ಇಲ್ಲ. ಮೂತ್ರ ಪರೀಕ್ಷೆಯ ಕೆಂಪು ಹಸಿರಿಗೆ ಇಳಿಯಿತು.

ಆ ಹುರುಪಿನಲ್ಲೇ ಒಂದು ಏಕಾದಶಿ ಗೌರಾಬಾಯಿ ಸೂಜಿ ಹಾಕಿಸಿಕೊಂಡು, ಏನೂ ತಿನ್ನದೆ ಹೊರಟರು. ಮೇಲೆ ತಲುಪುವಷ್ಟರಲ್ಲಿ ಕೈ ನಡುಗಿತು, ಬೆವರಿನಿಂದ ಸೀರೆ ತೊಯ್ದಿತು. ಮೆಟ್ಟಿಲ ಮೇಲೆ ಕುಸಿದರು.

“ಸಕ್ರಿ... ಸಕ್ರಿ ಕೊಡ್ರಿ. ಡಾಕ್ಟರ್ ಹೇಳಿದ್ರಲಾ...” ಎಂದು ತೊದಲಿದರು.

ಕೃಷ್ಣಾಜಿಗೆ ಮನಸ್ಸೇ ಬರಲಿಲ್ಲ. ಯಾವುದನ್ನು ವಿಷವೆಂದು ಮನೆಯಲ್ಲಿ ಬಚ್ಚಿಟ್ಟಿದ್ದರೋ ಅದನ್ನೇ ಬಾಯಿಗಿಡುವುದೇ? ಹೆಂಡತಿಯ ಕಣ್ಣು ಮೇಲಕ್ಕೆ ತೇಲಿದಾಗ ಓಡಿದರು. ಗುಡಿಯ ಬಾಗಿಲಲ್ಲಿ ಹೂವು ಮಾರುವವಳಿಂದ ಸಕ್ಕರೆಯ ಬತ್ತಾಸು ತಂದು, ಒಂದೊಂದಾಗಿ ತಿನ್ನಿಸಿದರು. ಸ್ವಲ್ಪ ಹೊತ್ತಿಗೆ ಮೈ ನಡುಕ ನಿಂತಿತು.

“ಸಿಹಿ ತಿಂದು ವರ್ಷಾತು. ಭಾಳ ರುಚಿ ಅದ ನೋಡ್ರಿ,” ಎಂದು ಗೌರಾಬಾಯಿ ನಕ್ಕರು. ಕೃಷ್ಣಾಜಿ ಅಲ್ಲೇ ಕೂತು ಅತ್ತುಬಿಟ್ಟರು.

ಡಾಕ್ಟರು ಬೈದರು. “ಸೂಜಿನೂ ಸಕ್ರಿ ಇಳಸ್ತದ, ನಡಿಗಿನೂ ಇಳಸ್ತದ. ಮ್ಯಾಲೆ ಉಪವಾಸ ಬ್ಯಾರೆ! ಇನ್ ಮ್ಯಾಲೆ ತಿಂದು ಹತ್ರಿ.” ಇನ್ಸುಲಿನ್ ಪ್ರಮಾಣವನ್ನೂ ಕಡಿಮೆ ಮಾಡಿದರು. ಏಕಾದಶಿಯ ದಿನ ಜೋಳದ ಭಕ್ಕರಿ ಮುರಿಯುವುದು ಗೌರಾಬಾಯಿಗೆ ಸಂಕಟವಾಗುತ್ತಿತ್ತು. ದೇವರಿಗೆ ಕೈ ಮುಗಿದು ತಿನ್ನುತ್ತಿದ್ದರು.

೧೯೪೩ರಲ್ಲಿ ಕೃಷ್ಣಾಜಿ ಜ್ವರದಿಂದ ತೀರಿಕೊಂಡರು. ವರ್ಷದವರೆಗೆ ಹೊಸ್ತಿಲು ದಾಟಬಾರದೆಂದು ವಾಡೆಯ ಹಿರಿಯರು ಹೇಳಿದರು. ಗೌರಾಬಾಯಿ ಮೂಲೆ ಹಿಡಿದರು. ತಿಂಗಳೊಳಗೆ ಬಾಯಾರಿಕೆ, ಸುಸ್ತು ಎಲ್ಲ ಮರಳಿ ಬಂದವು. ಒಂದು ಬೆಳಿಗ್ಗೆ ಪ್ರೇಮಾವತಿ ಎದುರಿಗೆ ಬಂದು ನಿಂತಳು.

“ಏಳ್ರಿ ಅತ್ತಿ, ನಡದು ಬರೂಣು.”

“ಮಂದಿ ಏನಂದಾರು?”

“ಅನ್ಲಿ ಬಿಡ್ರಿ. ಮಾವ ಹೋದ್ರು. ನಿಮ್ಮನ್ನೂ ಕಳಕೊಳ್ಳಲಿಕ್ಕೆ ನಾ ತಯಾರಿಲ್ಲ.”

ಅಂಗಳದಲ್ಲಿದ್ದವರು ಮುಖ ತಿರುಗಿಸಿಕೊಂಡರು. ಸೊಸೆ ಅತ್ತೆಯ ಕೈ ಬಿಡಲಿಲ್ಲ. ಅಂದು ಗುಡ್ಡದ ಬುಡ ಮುಟ್ಟಿ ಮರಳಿದರು. ಆಮೇಲೆ ನಿಧಾನವಾಗಿ ಮೇಲೂ ಹೋದರು. ಸಕ್ಕರೆ ಹತೋಟಿಗೆ ಬಂತು. ಕಾಯಿಲೆ ಬಿಟ್ಟು ಹೋಗಲಿಲ್ಲ, ಕಣ್ಣು ಮಂಜಾಗುತ್ತ ಬಂದವು. ಆದರೂ ನಲವತ್ತೇಳರ ಆಗಸ್ಟಿನಲ್ಲಿ ಪುಣೆಗೆ ಪುಣೆಯೇ ಬೀದಿಗಿಳಿದಾಗ ಗೌರಾಬಾಯಿ ಮನೆಯಲ್ಲಿ ಕೂರಲಿಲ್ಲ. ಪ್ರೇಮಾವತಿಯ ಭುಜ ಹಿಡಿದು, ಬಾವುಟ ಎಲ್ಲೆಲ್ಲಿ ಕಟ್ಟಿದ್ದಾರೆಂದು ಕೇಳುತ್ತ, ಮೆರವಣಿಗೆಯ ಜೊತೆ ನಡೆದರು.